ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು: ಹಳೇ ಫಿಯೆಟ್ಟನ್ನು ದಿನಬಳಕೆಗೆ ತರುವ ಬಗೆ

ಹಳೇ ಸ್ಪೋರ್ಟ್ಸ್ ಕಾರು ಅಂದರೆ ಕಣ್ಣೆದುರು ಬರುವುದು ಕೆಂಪು ಬಣ್ಣ, ತೆರೆದ ಮಾಡು, ಇಬ್ಬರೇ ಕೂರುವ ಸೀಟು. ಬೆಳಗಾವಿಯಲ್ಲಿ ಅಂಥದ್ದು ಕಾಣುವುದು ಅಪರೂಪ. ಕಂಡರೂ ಖಂಡೇನವಮಿಗೆ ಒಮ್ಮೆ ಹೊರಬಂದು, ಹಾರ ಹಾಕಿಸಿಕೊಂಡು, ಮತ್ತೆ ತಾಡಪತ್ರಿಯ ಕೆಳಗೆ ಸೇರಿಬಿಡುತ್ತದೆ. ನಮ್ಮ ದೇಶದ ಬಡವರ ರೇಸ್ ಕಾರು ಫಿಯೆಟ್. ಇದು ತಮಾಷೆಯ ಮಾತಲ್ಲ. ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸುಗಳಲ್ಲಿ ಇದೇ ಗಾಡಿಗಳು ಹಿಂದಿನ ಸೀಟು ಕಿತ್ತು ಹಾಕಿಕೊಂಡು ಓಡುತ್ತಿದ್ದವು. 1089 ಸಿಸಿ ಎಂಜಿನ್, ಹಿಂದಿನ ಗಾಲಿಗೆ ಶಕ್ತಿ, ಸ್ಟೇರಿಂಗ್ ಪಕ್ಕದಲ್ಲಿ ನಾಲ್ಕು ಗೇರು.

ನನ್ನದು 1978ರ ಪ್ರೀಮಿಯರ್ ಪದ್ಮಿನಿ, ಅಂದರೆ ನಮ್ಮ ದೇಶದಲ್ಲೇ ತಯಾರಾದ ಫಿಯೆಟ್. ಮನೆ ಟಿಳಕವಾಡಿ, ಕೆಲಸ ಉದ್ಯಮಬಾಗ್. ಆರು ವರ್ಷದಿಂದ ಮಳೆಗಾಲ, ಬೇಸಿಗೆ ಎನ್ನದೆ ಅದರಲ್ಲೇ ಹೋಗಿಬರುತ್ತೇನೆ. ತಿಂಗಳಿಗೊಮ್ಮೆ ಯರಗಟ್ಟಿ, ಲೋಕಾಪುರದ ಮೇಲೆ ಬಾಗಲಕೋಟೆಯ ಮಾವನ ಮನೆಗೂ ಅದೇ. ಮನೆಯಲ್ಲಿ ಬೇರೆ ಕಾರಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಪ್ರದರ್ಶನಕ್ಕೆ ಗಾಡಿ ಸಿಂಗರಿಸುವ ವಿದ್ಯೆ ಅಲ್ಲ. ಬೆಳಿಗ್ಗೆ ಎಂಟೂವರೆಗೆ ಕೀಲಿ ತಿರುವಿದರೆ ಒಂಬತ್ತಕ್ಕೆ ಕೆಲಸದ ಜಾಗಕ್ಕೆ ಮುಟ್ಟಬೇಕು, ಅಷ್ಟೇ.

ಗಾಡಿ ತಂದ ವಾರ ನಾನು ಮೊದಲು ಕೇಳಿದ್ದು ಬಣ್ಣಕ್ಕೆಷ್ಟಾಗುತ್ತದೆ ಅಂತ. ಶಹಾಪುರದ ಮಿಸ್ತ್ರಿ ಕಾಕಾ ಬಾನೆಟ್ಟಿನಿಂದ ತಲೆ ಎತ್ತದೇ ಹೇಳಿದರು: "ಸಾಹೇಬ್ರ, ಮೊದ್ಲ ಇದಕ್ಕ ನಿಲ್ಲೂದ ಕಲಸ್ರಿ, ಆಮ್ಯಾಲ ಓಡೂದು. ಬಣ್ಣ ಎಲ್ಲಿಗೂ ಓಡಿ ಹೋಗೂದಿಲ್ಲ." ಆಗ ಸಿಟ್ಟು ಬಂದಿತ್ತು. ಈಗ ಈ ಇಡೀ ಬರಹದ ಅನುಕ್ರಮವೇ ಆ ಮಾತು: ಕಾಗದ, ಬ್ರೇಕು, ನೀರು, ಪೆಟ್ರೋಲು, ಕರೆಂಟು, ಜಂಗು, ಕೊನೆಗೆ ಬಣ್ಣ. ದುಡ್ಡು ಇದೇ ಸಾಲಿನಲ್ಲಿ ಖರ್ಚಾಗಬೇಕು.

ಕಾಗದ ಗಟ್ಟಿ ಇಲ್ಲದ ಗಾಡಿ ಬರೀ ಕಬ್ಬಿಣ

ಎಂಜಿನ್ ಸದ್ದು ಕೇಳುವ ಮೊದಲು ಆರ್‌ಸಿ, ಅಂದರೆ ನೋಂದಣಿ ಪುಸ್ತಕ ಕೇಳಿ. ಪುಸ್ತಕದಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಟಾರ್ಚ್ ಹಿಡಿದು ಗಾಡಿಯ ಮೇಲೆ ಓದಿ. ಹಳೇ ಗಾಡಿಗಳಲ್ಲಿ ಎಂಜಿನ್ ಬದಲಾಗಿರುವುದು ಸಾಮಾನ್ಯ. ಬದಲಾದದ್ದು ಆರ್‌ಸಿಯಲ್ಲಿ ಏರದೇ ಇರುವುದು ಅದಕ್ಕಿಂತ ಸಾಮಾನ್ಯ. ಆಮೇಲೆ ಆ ನಂಬರು ಸರ್ಕಾರದ ವಾಹನ್ ಜಾಲತಾಣದಲ್ಲಿ ಸಿಗುತ್ತದೋ ನೋಡಿ. ಕೈಬರಹದ ಹಳೇ ಪುಸ್ತಕದಿಂದ ಕಂಪ್ಯೂಟರಿಗೆ ಏರದ ಗಾಡಿಯಾದರೆ ಮಾರುವವರೇ ಆರ್‌ಟಿಓ ಕಚೇರಿಯಲ್ಲಿ ಅದನ್ನು ಏರಿಸಿಕೊಡಲಿ. "ನೀವ ಮಾಡಸ್ಕೋರಿ, ಎರಡ ದಿನದ ಕೆಲಸ" ಅಂದರೆ ನಗುತ್ತಾ ಎದ್ದು ಬನ್ನಿ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಗಾಡಿ ತೋರಿಸಿ ನವೀಕರಿಸಬೇಕು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ ಈ ಶುಲ್ಕ 10,000 ರೂಪಾಯಿ. ತಡವಾದರೆ ತಿಂಗಳಿಗೆ 500ರಂತೆ ದಂಡ ಬೇರೆ. ಹತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಕುಣಿಯುವ ಮೊದಲು ಈ ಲೆಕ್ಕ ಹಾಕಿ. ಕೊಲ್ಲಾಪುರದಿಂದ ಎಂಎಚ್ 09 ಗಾಡಿ ತರುವವರಿಗೆ ಅಲ್ಲಿನ ಆರ್‌ಟಿಓದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ದೆಹಲಿಯ ಹಾಗೆ 15 ವರ್ಷಕ್ಕೆ ಪೆಟ್ರೋಲ್ ಕಾರು ಗುಜರಿಗೆ ಹಾಕಬೇಕೆಂಬ ನಿಯಮ ನಮ್ಮಲ್ಲಿಲ್ಲ. ಆ ಹೆದರಿಕೆ ಬಿಡಿ.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸಬಹುದೆಂದು 2021ರಲ್ಲಿ ನಿಯಮ ಬಂತು. 'ವಿಎ' ಅಕ್ಷರಗಳ ಚೆಂದದ ನಂಬರ್ ಪ್ಲೇಟ್ ಸಿಗುತ್ತದೆ, ಹತ್ತು ವರ್ಷ ಚಿಂತೆಯಿಲ್ಲ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ನನ್ನದಕ್ಕೆ 2028ರಲ್ಲಿ ಐವತ್ತು ತುಂಬುತ್ತದೆ. ಗೆಳೆಯರು ಈಗಿನಿಂದಲೇ "ವಿಂಟೇಜ್ ಮಾಡಸು" ಅನ್ನುತ್ತಿದ್ದಾರೆ. ದಿನಾ ಓಡಿಸುವವನಿಗೆ ಅದು ಬೇಡವೇ ಬೇಡ, ಮಾಮೂಲಿ ನೋಂದಣಿಯೇ ಇರಲಿ.

ಇನ್ನು ಚುಟುಕಾಗಿ: ಹೊಸ ಮಾದರಿಯ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಿ, ಹೊಗೆ ತಪಾಸಣೆ ಪತ್ರ ಇಟ್ಟುಕೊಳ್ಳಿ. ವಿಮೆಯಲ್ಲಿ ಐದು ವರ್ಷ ದಾಟಿದ ಗಾಡಿಯ ಬೆಲೆ ಕಂಪನಿ ಮತ್ತು ನಿಮ್ಮ ನಡುವೆ ಮಾತಾಡಿ ನಿಗದಿಯಾಗುವಂಥದ್ದು. ಫೋಟೊ, ಬಿಲ್ಲು ಇಟ್ಟುಕೊಂಡು ಮಾತಾಡಿ.

ನಿಲ್ಲುವುದು

ಫಿಯೆಟ್ಟಿನ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಬ್ರೇಕ್ ಆಯಿಲ್ಲಿಗೆ ಇರುವುದು ಒಂದೇ ಹಾದಿ. ಒಂದು ಕಡೆ ಪೈಪು ಒಡೆದರೆ ನಾಲ್ಕೂ ಗಾಲಿ ಕೈಬಿಟ್ಟವು ಅಂತಲೇ ಲೆಕ್ಕ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಮೊದಲ ವರ್ಷ ಸಂಕೇಶ್ವರದಿಂದ ವಾಪಸು ಬರುವಾಗ ವಂಟಮುರಿ ಘಾಟಿನ ಇಳಿಜಾರಿನಲ್ಲಿ ಪೆಡಲ್ ಒತ್ತಿದೆ, ಅದು ಮೆತ್ತಗೆ ನೆಲಕ್ಕೆ ಹೋಗಿ ಕೂತಿತು. ಮುಂದೆ ಕಲ್ಲು ತುಂಬಿದ ಲಾರಿ. ಮೂರಕ್ಕೆ, ಎರಡಕ್ಕೆ ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಡಗಡೆಯ ಮಣ್ಣಿಗೆ ಗಾಲಿ ಹಾಕಿ ನಿಲ್ಲಿಸಿದೆ. ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಗಾಲಿಗೆ ಹೋಗುವ ಪೈಪು ಜಂಗು ತಿಂದು ತೂತು. ಹಿಂದಿನ ತಿಂಗಳಷ್ಟೇ ಒಂದು ಗ್ಯಾರೇಜಿನಲ್ಲಿ "ಬ್ರೇಕ್ ಎಲ್ಲಾ ನೋಡೇವ್ರಿ" ಅಂದಿದ್ದರು. ನೋಡಿದ್ದು ಡ್ರಮ್ಮಿಗೆ ಉಜ್ಜುವ ಲೈನರ್ ಮಾತ್ರ.

ಹೀಗಾಗಿ, ಗಾಡಿ ತಂದ ಮೊದಲ ವಾರವೇ ಮಾಡಿಸಬೇಕಾದದ್ದು ಇದು. ಪೆಡಲ್ ಒತ್ತಿದಾಗ ಆಯಿಲ್ಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಮತ್ತು ಗಾಲಿಯ ಸಿಲಿಂಡರುಗಳನ್ನು ಬಿಚ್ಚಿ ರಬ್ಬರ್ ಕಿಟ್ ಪೂರ್ತಿ ಬದಲಿಸಿ. ಸಿಲಿಂಡರಿನ ಒಳಗೋಡೆ ಬೆರಳಿಗೆ ಒರಟಾಗಿ ಹತ್ತಿದರೆ ಕಿಟ್ ಹಾಕಿ ಪ್ರಯೋಜನವಿಲ್ಲ. ಉದ್ಯಮಬಾಗಿನ ಯಾವುದಾದರೂ ಲೇಥಿನಲ್ಲಿ ಸ್ಟೀಲ್ ಸ್ಲೀವ್ ಹಾಕಿಸಿ. ಕಬ್ಬಿಣದ ಪೈಪುಗಳನ್ನೆಲ್ಲ ತೆಗೆದು ಹೊಸದು ಎಳೆಸಿ, ರಬ್ಬರ್ ಹೋಸುಗಳನ್ನೂ ಬಿಡಬೇಡಿ. ಡ್ರಮ್ಮು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಲೇಥಿಗೆ ಹಾಕಿಸಿ ಗುಂಡಗೆ ಮಾಡಿಸಿ. ಆಯಿಲ್ ಡಾಟ್ 3 ಸಾಕು. ಅದು ಗಾಳಿಯ ತೇವ ಹೀರುವ ವಸ್ತು, ಹಾಗಾಗಿ ಎರಡು ವರ್ಷಕ್ಕೊಮ್ಮೆ ಚೆಲ್ಲಿ ಹೊಸದು ತುಂಬಿಸಿ. ನಮ್ಮೂರ ಮಳೆಗೆ ಇದು ಇನ್ನೂ ಬೇಗ ಕೆಡುತ್ತದೆ.

ಇಷ್ಟೆಲ್ಲ ಆದ ಮೇಲೂ ಹೊಸ ಕಾರಿನಷ್ಟು ಹತ್ತಿರದಲ್ಲಿ ಇದು ನಿಲ್ಲುವುದಿಲ್ಲ. ಮುಂದಿನ ಗಾಡಿಗೂ ನಿಮಗೂ ನಡುವೆ ಜಾಗ ಬಿಡಿ. ಆ ಜಾಗಕ್ಕೆ ಒಬ್ಬ ಬೈಕಿನವನು ಬಂದು ತೂರಿಕೊಳ್ಳುತ್ತಾನೆ, ಮತ್ತೆ ಬಿಡಿ. ಮಳೆಯಲ್ಲಿ ರಸ್ತೆ ತುಂಬಿದ ನೀರಿನಲ್ಲಿ ಹಾದು ಬಂದ ಮೇಲೆ ಡ್ರಮ್ಮಿನೊಳಗೆ ನೀರು ಹೋಗಿ ಬ್ರೇಕು ಜಾರುತ್ತದೆ. ನೀರು ದಾಟಿದ ಕೂಡಲೇ ನಿಧಾನಕ್ಕೆ ಓಡಿಸುತ್ತ ನಾಲ್ಕಾರು ಸಲ ಪೆಡಲ್ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.

ಟೈರಿನ ಮೈಮೇಲೆ ನಾಲ್ಕಂಕಿಯ ಒಂದು ಗುರುತಿರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಆದದ್ದು ಎಂದರ್ಥ. ಹಳೇ ಗಾಡಿಯ ಟೈರಿನಲ್ಲಿ ನಕ್ಷೆ ಉಳಿದಿರುತ್ತದೆ, ರಬ್ಬರು ಸತ್ತಿರುತ್ತದೆ. ಆರು ವರ್ಷ ದಾಟಿದ್ದರೆ ನಾನು ನಂಬುವುದಿಲ್ಲ. ಮುಂದಿನ ಸೀಟಿಗೆ ಬೆಲ್ಟ್ ಇರದಿದ್ದರೆ ಹಾಕಿಸಿ, ಗಟ್ಟಿ ಲೋಹಕ್ಕೆ ಬೋಲ್ಟ್ ಮಾಡಿಸಿ.

ಬಿಸಿ

ಬೆಳಗಾವಿಯ ಹವೆಯಲ್ಲಿ ಎಂಜಿನ್ ಬಿಸಿಯಾಗುವುದು ಕಡಿಮೆ. ಏಪ್ರಿಲ್‌ನಲ್ಲಿ ಬಾಗಲಕೋಟೆಗೋ ವಿಜಯಪುರಕ್ಕೋ ಹೋದಾಗ ನಿಜವಾದ ಪರೀಕ್ಷೆ. ಈ ಎಂಜಿನ್ನಿನ ಬ್ಲಾಕು ಬೀಡುಕಬ್ಬಿಣ, ಮೇಲೆ ಕೂರುವ ಹೆಡ್ಡು ಅಲ್ಯೂಮಿನಿಯಂ. ಒಮ್ಮೆ ವಿಪರೀತ ಕಾದರೆ ಹೆಡ್ಡು ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ.

ಶತ್ರು ಬೋರ್‌ವೆಲ್ ನೀರು. ಹಳೆಯ ಮಾಲೀಕರು ವರ್ಷಾನುಗಟ್ಟಲೆ ಗಡುಸು ನೀರು ಸುರಿದಿರುತ್ತಾರೆ. ಚಹಾ ಕಾಯಿಸುವ ಪಾತ್ರೆಯ ತಳದಂತೆ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿರುತ್ತದೆ. ರೇಡಿಯೇಟರ್ ರಿಪೇರಿಯವರ ಹತ್ತಿರ ಮೇಲಿನ ತೊಟ್ಟಿ ಬಿಚ್ಚಿಸಿ ಕೊಳವೆಗಳಲ್ಲಿ ಸಲಾಕೆ ಆಡಿಸಿ. ಆಮೇಲೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬಿಟ್ಟು ಬೇರೇನೂ ಹಾಕಬೇಡಿ. ಕೂಲಂಟ್ ಇಲ್ಲದ ಬರೀ ನೀರು ಅಲ್ಯೂಮಿನಿಯಂ ಹೆಡ್ಡನ್ನು ಒಳಗಿನಿಂದ ಕೊರೆಯುತ್ತದೆ. "ಥರ್ಮೊಸ್ಟಾಟ್ ಕಿತ್ತ ಒಗೀರಿ, ಥಣ್ಣಗಿರತೈತಿ" ಎಂಬ ಸಲಹೆ ಎಲ್ಲ ಗ್ಯಾರೇಜಿನಲ್ಲೂ ಸಿಗುತ್ತದೆ. ಕೇಳಬೇಡಿ. ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೇ ತಡೆಯುವುದೇ ಅದರ ಕೆಲಸ. ಎಂಜಿನ್ ಸರಿಯಾದ ಬಿಸಿಗೆ ಬರದೇ ಓಡಿದರೆ ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಬೋರು ಬೇಗ ಸವೆಯುತ್ತದೆ. ಫ್ಯಾನ್ ಬೆಲ್ಟ್ ಹೊಸದು ಹಾಕಿ, ಇನ್ನೊಂದು ಡಿಕ್ಕಿಯಲ್ಲಿ ಇಡಿ.

ಪೆಟ್ರೋಲು: ನಮ್ಮದೇ ಕಬ್ಬು, ನಮ್ಮದೇ ಪೈಪು

ಹಳೇ ಕಾರಿನವರಿಗೆ ಈಗಿನ ದೊಡ್ಡ ತಲೆನೋವು ಇ20. ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದನ್ನು ತಯಾರಿಸುವುದರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಪಾಲೂ ಇದೆ. ಮಾವನ ಹೊಲದ ಕಬ್ಬು ಕಾರ್ಖಾನೆಗೆ ಹೋಗಿ, ಸುತ್ತಿ ಬಂದು, ಅಳಿಯನ ಕಾರಿನ ರಬ್ಬರು ತಿನ್ನುತ್ತದೆ. ಯಾರನ್ನು ಬೈಯುವುದು?

ಎಥನಾಲ್ ಮಾಡುವ ಕೆಲಸ ನಾಲ್ಕು. ಹಳೇ ಮಾದರಿಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಗಾಳಿಯ ತೇವ ಹೀರಿಕೊಂಡು ಟ್ಯಾಂಕಿನ ತಳಕ್ಕೆ ನೀರಾಗಿ ಕೂರುತ್ತದೆ. ಟ್ಯಾಂಕಿನಲ್ಲಿ ನಲವತ್ತು ವರ್ಷದಿಂದ ಅಂಟಿದ ಕೊಳೆಯನ್ನು ತೊಳೆದು ತಂದು ಕಾರ್ಬೊರೇಟರಿನೊಳಗೆ ಪೆಟ್ರೋಲು ಹಾಯುವ ಸಣ್ಣ ತೂತಿಗೆ, ಅಂದರೆ ಜೆಟ್ಟಿಗೆ ತುಂಬುತ್ತದೆ. ನಾಲ್ಕನೆಯದು ಕಣ್ಣಿಗೆ ಕಾಣದ್ದು: ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ, ಇ20ಕ್ಕೆ ಬೇಕಾಗುವುದು ಸುಮಾರು 13.5. ಹೊಸ ಕಾರಿನ ಕಂಪ್ಯೂಟರು ಅದನ್ನು ತಾನೇ ಸರಿದೂಗಿಸುತ್ತದೆ, ಗಾಳಿ, ಪೆಟ್ರೋಲು ಬೆರೆಸುವ ನಮ್ಮ ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ, ಹಳೇ ಲೆಕ್ಕದಲ್ಲೇ ಗಾಳಿ ಬಿಡುತ್ತದೆ. ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ, ಎತ್ತರ ಏರುವಾಗ ಮುಗ್ಗರಿಸುತ್ತದೆ.

ಮಾಡಬೇಕಾದದ್ದೂ ಅದೇ ಸಾಲಿನಲ್ಲಿ. ಟ್ಯಾಂಕು ಇಳಿಸಿ ತೊಳೆಸಿ. ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಇರುವ ಎಲ್ಲ ರಬ್ಬರ್ ಪೈಪು ಕಿತ್ತು, ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವ ಪೈಪು ಹಾಕಿಸಿ. ಮೀಟರಿಗೆ ಬೆಲೆ ಹೆಚ್ಚು, ಬೇಕಾಗುವುದು ಮಾತ್ರ ಸ್ವಲ್ಪವೇ. ಇಲ್ಲಿ ಉಳಿಸಲು ಹೋಗಿ ಬಿಸಿ ಎಂಜಿನ್ ಮೇಲೆ ಪೆಟ್ರೋಲು ಸುರಿದುಕೊಳ್ಳಬೇಡಿ. ಎಸಿ ಪಂಪಿನ (ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಪಂಪು) ಡಯಾಫ್ರಂ, ಕಾರ್ಬೊರೇಟರಿನ ನೀಡಲ್ ತುದಿ ಎಥನಾಲ್ ತಡೆಯುವ ವಿಟಾನ್ ರಬ್ಬರಿನದು ಸಿಕ್ಕರೆ ಅದನ್ನೇ ಹಾಕಿ. ಪಂಪಿಗೆ ಮೊದಲು ಒಳಗಿನದು ಕಾಣುವ ಫಿಲ್ಟರ್ ಹಾಕಿ, ಮೊದಲ ಮೂರು ತಿಂಗಳು ಅದನ್ನು ಮೇಲಿಂದ ಮೇಲೆ ಬದಲಿಸಿ. ಆಮೇಲೆ ಮೇನ್ ಜೆಟ್ ಒಂದೆರಡು ನಂಬರು ದೊಡ್ಡದು ಹಾಕಿ, ಹತ್ತು ಕಿಲೋಮೀಟರ್ ಓಡಿಸಿ, ಪ್ಲಗ್ ಬಿಚ್ಚಿ ನೋಡಿ. ತುದಿ ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಸರಿ. ಸುಣ್ಣದಂತೆ ಬಿಳಿ ಆದರೆ ಇನ್ನೂ ತೆಳುವಿದೆ. ಮಸಿ ಹಿಡಿದಿದ್ದರೆ ದಪ್ಪವಾಯಿತು.

ಇಲ್ಲಿಯೇ ಹಳೇ ಕಾರನ್ನು ದಿನಾ ಓಡಿಸುವವನಿಗೆ ಒಂದು ಲಾಭ. ನೀರು ಹೀರುವುದು, ಕೊಳೆ ಕೂರುವುದು ಎಲ್ಲ ನಿಂತ ಗಾಡಿಯ ರೋಗ. ವಾರಕ್ಕೊಮ್ಮೆ ಖಾಲಿಯಾಗಿ ತುಂಬುವ ಟ್ಯಾಂಕಿನಲ್ಲಿ ಪೆಟ್ರೋಲಿಗೆ ಕೆಡಲು ಪುರುಸೊತ್ತೇ ಇರುವುದಿಲ್ಲ.

ಇನ್ನೊಂದು ಹಳೇ ಕಥೆ: ಸೀಸ ಬೆರೆತ ಪೆಟ್ರೋಲು ದೇಶದಲ್ಲಿ 2000ದ ಫೆಬ್ರವರಿಯಿಂದ ಪೂರ್ತಿ ನಿಂತಿತು. ಸೀಸ ವಾಲ್ವ್ ಕೂರುವ ಜಾಗಕ್ಕೆ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ಎಂದಾದರೂ ಹೆಡ್ ಬಿಚ್ಚುವ ಪ್ರಸಂಗ ಬಂದರೆ ಗಟ್ಟಿ ಲೋಹದ ವಾಲ್ವ್ ಸೀಟು ಹಾಕಿಸಿಬಿಡಿ. ಅದಕ್ಕಾಗಿಯೇ ಬಿಚ್ಚುವುದು ಬೇಡ.

ಬಿಸಿಲಿನಲ್ಲಿ ಗಾಡಿ ದಾರಿಯಲ್ಲಿ ನಿಂತುಬಿಟ್ಟು, ಅರ್ಧ ತಾಸಿನ ಮೇಲೆ ತಾನಾಗಿ ಸ್ಟಾರ್ಟ್ ಆದರೆ ಅದು ಪೆಟ್ರೋಲು ಪೈಪಿನೊಳಗೇ ಕುದಿದು ಆವಿಯಾದದ್ದು. ಲೋಕಾಪುರದಲ್ಲಿ ನನಗೆ ಹೀಗಾದಾಗ ಚಹಾದಂಗಡಿಯ ಅಜ್ಜಾರು ದೂರದಿಂದಲೇ ಹೇಳಿದರು: "ಪಂಪಿಗೆ ತೊಯ್ದ ಅರಬಿ ಸುತ್ತೋ ತಮ್ಮಾ, ಚಹಾ ಕುಡಿ, ಹೊಂಡು." ಮೊದಲು ಲಾರಿ ಓಡಿಸುತ್ತಿದ್ದರಂತೆ. ಚಹಾ ಮುಗಿಯುವಷ್ಟರಲ್ಲಿ ಗಾಡಿ ಸ್ಟಾರ್ಟ್. ಶಾಶ್ವತ ಪರಿಹಾರ ಬೇಕೆಂದರೆ ಪೈಪನ್ನು ಸೈಲೆನ್ಸರಿನ ಬಿಸಿಯಿಂದ ದೂರ ತಿರುಗಿಸಿ, ನಡುವೆ ಒಂದು ತಗಡಿನ ಮರೆ ಕಟ್ಟಿಸಬೇಕು. ಆದರೂ ನನ್ನ ಡಿಕ್ಕಿಯಲ್ಲಿ ಒಂದು ಹಳೇ ಟವೆಲ್ಲು ಈಗಲೂ ಇದೆ.

ಕರೆಂಟು

ರಾತ್ರಿ ಓಡಿಸುವವರಿಗೆ ಮಾತ್ರ ಇದು ಮುಖ್ಯ ಅಂದುಕೊಂಡಿದ್ದೆ. ನವೆಂಬರಿನಲ್ಲಿ ಕಬ್ಬಿನ ಹಂಗಾಮು ಶುರುವಾದ ಮೇಲೆ ಯರಗಟ್ಟಿ ರಸ್ತೆಗೆ ಒಮ್ಮೆ ಕತ್ತಲಾದ ಮೇಲೆ ಹೋಗಿ ನೋಡಿ. ಎರಡೆರಡು ಟ್ರೇಲರ್ ಎಳೆದುಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಟ್ರ್ಯಾಕ್ಟರು ಹೋಗುತ್ತಿರುತ್ತದೆ. ನಿಮ್ಮ ದೀಪಕ್ಕೆ ಅದು ಕಾಣುವಷ್ಟರಲ್ಲಿ ಕಬ್ಬಿನ ಗರಿ ಗಾಜಿಗೆ ತಾಗುತ್ತದೆ.

ಹಳೇ ಗಾಡಿಯಲ್ಲಿ ದೀಪ ಮಂಕಾಗಿದ್ದರೆ ಬಲ್ಬು ಬದಲಿಸಿ ಪ್ರಯೋಜನವಿಲ್ಲ. ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ತೆಳು ವೈರಿನಲ್ಲೇ ಬಹಳಷ್ಟು ಶಕ್ತಿ ಸೋರುತ್ತದೆ. ರಿಲೇ ಹಾಕಿಸಿ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆಸಿ, ಅರ್ಥಿಂಗ್ ಪಟ್ಟಿಗಳನ್ನು ಬಿಚ್ಚಿ ಉಜ್ಜಿ ಕಟ್ಟಿಸಿ. ಡೈನಮೋ ಇದ್ದರೆ ತೆಗೆದು ಮಾರುತಿ 800ರ ಆಲ್ಟರ್ನೇಟರನ್ನು ಬ್ರಾಕೆಟ್ ಮಾಡಿಸಿ ಕೂರಿಸಿ. ಶುದ್ಧ ಮೂಲರೂಪದ ಭಕ್ತರು ಮೂಗು ಮುರಿಯುತ್ತಾರೆ. ಮಳೆಯಲ್ಲಿ ವೈಪರು, ದೀಪ, ಹಾರ್ನು ಮೂರೂ ಒಟ್ಟಿಗೆ ಬೇಕಾದಾಗ ಅವರು ನಿಮ್ಮ ಜೊತೆ ಇರುವುದಿಲ್ಲ. ಪ್ಲಗ್ಗಿನ ಕಿಡಿಗಾಗಿ ಕರೆಂಟು ಕಡಿದು ಕೂಡಿಸುವ ಹಳೇ ಮಾದರಿಯ ಪಾಯಿಂಟ್ ಇರುವವರು ಅದರ ನಡುವಿನ ಅಂತರ 0.45 ಮಿಲಿಮೀಟರ್ ಆಸುಪಾಸು ಇಟ್ಟುಕೊಳ್ಳಿ, ಒಂದು ಕಂಡೆನ್ಸರ್ ಜೇಬಿನಲ್ಲಿರಲಿ. ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕಿಸಿದರೆ ಈ ಕಾಟ ತಪ್ಪುತ್ತದೆ. ಆದರೆ ಹಳೇ ಪಾಯಿಂಟ್ ಪ್ಲೇಟನ್ನು ಎಸೆಯದೇ ಡಿಕ್ಕಿಯಲ್ಲಿಡಿ.

ಎಂಜಿನ್ ಬದಲಾವಣೆ, ಬಣ್ಣ ಬದಲಾವಣೆ ಮಾತ್ರ ಆರ್‌ಟಿಓ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಏರಿಸದೇ ಮಾಡಬೇಡಿ.

ಜಂಗು

ಈ ಕಾರಿಗೆ ಬೇರೆ ಚಾಸಿ ಇಲ್ಲ, ಮೈಯೇ ಎಲುಬು. ಆದ್ದರಿಂದ ಬಾಗಿಲ ಕೆಳಗಿನ ಪೆಟ್ಟಿಗೆಪಟ್ಟಿ, ನೆಲ, ಹಿಂದಿನ ಸ್ಪ್ರಿಂಗ್ ಪಟ್ಟಾ ಕೂರುವ ಜಾಗವನ್ನು ಜಂಗು ತಿಂದಿದ್ದರೆ ಅದು ಅಂದದ ಪ್ರಶ್ನೆಯಲ್ಲ. ಕೊಳ್ಳುವಾಗ ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಈ ಜಾಗಗಳಲ್ಲಿ ಹಿಡಿಯಿರಿ. ಹಿಡಿಯದಿದ್ದರೆ ಕೆಳಗೆ ಇರುವುದು ಪುಟ್ಟಿ. ವಿಜಯಪುರ, ಬಾಗಲಕೋಟೆಯ ಒಣ ಹವೆಯಲ್ಲಿ ಬೆಳೆದ ಗಾಡಿಯ ಮೈ ಬೆಳಗಾವಿ, ಗೋವಾ ಗಾಡಿಗಳಿಗಿಂತ ಎಷ್ಟೋ ಮೇಲು. ನಾನು ಮತ್ತೊಮ್ಮೆ ಕೊಳ್ಳುವುದಾದರೆ ಹುಡುಕಾಟ ಅಲ್ಲಿಂದಲೇ. ಮೇ ತಿಂಗಳಲ್ಲಿ ಬಾಗಿಲ ತಳದ ನೀರಿನ ತೂತುಗಳಿಗೆ ತಂತಿ ಆಡಿಸಿ, ನೆಲದ ಮ್ಯಾಟು ಎತ್ತಿ ಒಣಗಿಸಿ. ಮಳೆ ಹಿಡಿದ ಮೇಲೆ ಮ್ಯಾಟಿನ ಕೆಳಗೆ ಪೇಪರು ಹಾಕಿ, ವಾರಕ್ಕೊಮ್ಮೆ ತೆಗೆಯುತ್ತಿರಿ.

ಬಿಡಿಭಾಗ ಮತ್ತು ದಿನಚರಿ

ಮುಂಬೈಯ ಕಾಲಿಪೀಲಿ ಪದ್ಮಿನಿ ಟ್ಯಾಕ್ಸಿಗಳ ಕೊನೆಯ ಗಾಡಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಆ ಟ್ಯಾಕ್ಸಿಗಳಿಂದಲೇ ಇಷ್ಟು ವರ್ಷ ಭಾಗಗಳು ಬದುಕಿದ್ದವು. ಕ್ಲಚ್ ಪ್ಲೇಟು, ಬ್ರೇಕ್ ಕಿಟ್ಟು, ನೀರಿನ ಪಂಪು ಕಂಡಲ್ಲಿ ಎರಡೆರಡು ತೆಗೆದಿಡಿ. ಸಿಗದದ್ದಕ್ಕೆ ನಮ್ಮೂರೇ ಇದೆ. ಉದ್ಯಮಬಾಗ್, ಮಚ್ಛೆಯ ಫೌಂಡ್ರಿ ಮತ್ತು ಲೇಥುಗಳಲ್ಲಿ ಪರದೇಶಕ್ಕೆ ಹೋಗುವ ಭಾಗಗಳು ತಯಾರಾಗುತ್ತವೆ. ಒಂದು ಬುಶ್ಶು, ಒಂದು ಪಿನ್ನು ಅವರಿಗೆ ಮಧ್ಯಾಹ್ನದ ಊಟದ ಬಿಡುವಿನ ಕೆಲಸ. ಹಳೇ ಭಾಗವನ್ನು ಅಳತೆಗೆ ಒಯ್ಯಿರಿ, ಚಿತ್ರ ಬರೆದುಕೊಂಡು ಹೋಗಬೇಡಿ.

ಬೆಳಿಗ್ಗೆ ಎರಡು ನಿಮಿಷ: ಆಯಿಲ್ ಕಡ್ಡಿ, ನೀರು, ಗಾಡಿಯ ಕೆಳಗೆ ನೆಲದ ಮೇಲೆ ಹನಿ. ಯಾವ ಹನಿ ಎಲ್ಲಿಂದ ಬೀಳುತ್ತದೆ ಎಂಬುದು ತಿಂಗಳೊಳಗೆ ಮುಖಪಾಠವಾಗುತ್ತದೆ. ಹೊಸ ಜಾಗದಲ್ಲಿ ಹನಿ ಕಂಡರೆ ಅಂದು ರಿಕ್ಷಾದಲ್ಲಿ ಹೋಗಿ. ಚೋಕ್ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗುತ್ತಿದ್ದಂತೆ ಒಳಗೆ ತಳ್ಳಿ. 20ಡಬ್ಲ್ಯೂ-50 ಆಯಿಲ್ಲನ್ನು ನಾನು 3,000 ಕಿಲೋಮೀಟರಿಗೆ ಬದಲಿಸುತ್ತೇನೆ. ಅದೇ ಹೊತ್ತಿಗೆ ಮುಂದಿನ ಗಾಲಿಗಳ ಗ್ರೀಸ್ ನಿಪ್ಪಲ್ಲುಗಳಿಗೆ ಗನ್ ಹಚ್ಚಿಸುತ್ತೇನೆ. ಈಗಿನ ಹುಡುಗರಿಗೆ ಅವು ಎಲ್ಲಿವೆ ಎಂದೇ ಗೊತ್ತಿರುವುದಿಲ್ಲ, ಪಕ್ಕದಲ್ಲಿ ನಿಂತು ಎಣಿಸಿ.

ಒಂದನೇ ಗೇರಿಗೆ ಸಿಂಕ್ರೊ (ಹಲ್ಲುಗಳ ವೇಗ ಹೊಂದಿಸುವ ಭಾಗ) ಇಲ್ಲ. ಗಾಡಿ ಪೂರ್ತಿ ನಿಲ್ಲುವ ತನಕ ಒಂದಕ್ಕೆ ಹಾಕಬೇಡಿ, ಹಲ್ಲು ಕಡಿಯುವ ಸದ್ದು ಇಡೀ ಖಡೇಬಜಾರಿಗೆ ಕೇಳುತ್ತದೆ. ಹೆದ್ದಾರಿಯಲ್ಲಿ ಎಡಗಡೆಯ ಸಾಲು, ಗಂಟೆಗೆ 60-70. ಅದಕ್ಕಿಂತ ಜೋರು ಹೋಗುತ್ತದೆ, ಹೋಗಿ ನೋಡಿದ್ದೇನೆ. ಆದರೆ ಏರ್‌ಬ್ಯಾಗ್ ಇಲ್ಲದ, ಎದೆಗೆ ನೇರ ಗುರಿಯಿಟ್ಟ ಸ್ಟೇರಿಂಗ್ ಕೋಲಿನ ಗಾಡಿ ಇದು. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೆದ್ದಾರಿಗೆ ನಾನು ಹೋಗುವುದಿಲ್ಲ, ಅಂದು ಬಸ್ಸು.

ಬಣ್ಣದ ಮಾತು ಉಳಿಯಿತು. ಎಡಗಡೆಯ ಮುಂದಿನ ಮಡ್‌ಗಾರ್ಡಿಗೆ ಆರು ವರ್ಷದ ಹಿಂದೆ ಹಚ್ಚಿದ ಬೂದು ಪ್ರೈಮರ್ ಹಾಗೇ ಇದೆ. ಪ್ರತಿ ದಸರೆಗೂ ಈ ಸಲ ಮಾಡಿಸೋಣ ಅಂದುಕೊಳ್ಳುತ್ತೇನೆ. ಈ ವರ್ಷ ಅದಕ್ಕೆಂದು ಎತ್ತಿಟ್ಟ ದುಡ್ಡಿನಲ್ಲಿ ನೀರಿನ ಪಂಪು ಬಂತು.